ಹಣ ತೆತ್ತು ಬಂದ ನೆಂಟರು

ನೆಂಟರು ಬರುವುದು ಮನೆಗೆ ಶೋಭೆ. ಬಂದ ನೆಂಟರು ಹೊರಡುವ ಮಾತನ್ನೇ ಎತ್ತದಿದ್ದರೆ ಅದೇ ಮನೆಗೆ ಭಾರ. ಈ ಸತ್ಯವನ್ನು ಅರಿಯದ ದೇಶವಿಲ್ಲ. ಆದರೆ ಉಣಬಡಿಸಿದ ಕೈಯಿಂದಲೇ ಉಂಡ ಊಟದ ಲೆಕ್ಕವನ್ನು ಬರೆಯುವುದಿದೆಯಲ್ಲ, ಅದು ಯಾವ ದೇಶದ ಗೃಹಸ್ಥನಿಗೂ ಸುಲಭವಾದ ಕೆಲಸವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಪಶ್ಚಿಮದ ಬಯಲುಸೀಮೆಯಲ್ಲಿ ಮೂವರು ಅಣ್ಣತಮ್ಮಂದಿರು ಈ ಸಂಕೋಚಕ್ಕೆ ಸಿಕ್ಕಿಕೊಂಡರು. ಅದರಿಂದ ಅವರು ಹೊರಬಂದ ದಾರಿ ಮುಂದೆ ನೂರಾರು ಮನೆತನಗಳಿಗೆ ಜೀವನೋಪಾಯವಾಯಿತು; ನಗರದ ಲಕ್ಷಾಂತರ ಜನಕ್ಕೆ ಕುದುರೆಯ ಬೆನ್ನಿನ ಮೇಲೆ ರಜೆ ಕಳೆಯುವ ಹೊಸದೊಂದು ಸುಖವನ್ನು ತೋರಿಸಿಕೊಟ್ಟಿತು.

ಆ ಸೋದರರ ಹೆಸರು ಹೋವರ್ಡ್, ವಿಲ್ಲಿಸ್ ಮತ್ತು ಆಲ್ಡನ್ ಈಟನ್. ಹುಟ್ಟೂರು ಪೆನ್ಸಿಲ್ವೇನಿಯಾ ಸಂಸ್ಥಾನದ ಪಿಟ್ಸ್‌ಬರ್ಗ್. ಉಕ್ಕು ಮತ್ತು ಹೊಗೆಗಳ ನಗರ. ಅವರ ರ‍್ಯಾಂಚು ತನ್ನ ಆಯುಸ್ಸನ್ನು ಎಣಿಸುವುದು 1879ರಿಂದ. ದನಗಳನ್ನು ಮೇಯಿಸುವ ವಿಸ್ತಾರವಾದ ಹುಲ್ಲುಗಾವಲು, ಅದರೊಳಗಣ ಮನೆ, ದೊಡ್ಡಿ, ಲಾಯ, ಹುಲ್ಲಿನ ಬಣವೆ ಎಲ್ಲವೂ ಸೇರಿದರೆ ಅಲ್ಲಿನ ಭಾಷೆಯಲ್ಲಿ ರ‍್ಯಾಂಚು. ಸೋದರರು ನೆಲಸಿದ್ದು ಡಕೋಟಾ ಪ್ರಾಂತದಲ್ಲಿ, ಲಿಟ್ಲ್ ಮಿಸೌರಿ ನದಿಯ ದಡದ ‘ಬ್ಯಾಡ್‌ಲ್ಯಾಂಡ್ಸ್’ ಎಂಬಲ್ಲಿ. ಹೆಸರಿಗೆ ಅದು ಕೆಟ್ಟ ನೆಲ. ಮಳೆಗಾಳಿಗಳು ಕೊರೆದು ಬಿಟ್ಟ ಬಣ್ಣಬಣ್ಣದ ಮಣ್ಣಿನ ಗುಡ್ಡಗಳು, ಅವುಗಳ ನಡುವೆ ಕಡಿದಾದ ಕೊರಕಲುಗಳು; ನೇಗಿಲು ಹೂಡುವುದಕ್ಕೆ ಬಾರದು. ಆದರೆ ಆ ಕಣಿವೆಗಳಲ್ಲಿ ದನಕ್ಕೆ ಬೇಕಾದ ಹುಲ್ಲೂ ಇತ್ತು, ಶೀತಗಾಳಿಗೆ ಮರೆಯೂ ಇತ್ತು. 1876ರ ಮೇ ತಿಂಗಳಲ್ಲಿ ಸೇನಾಧಿಕಾರಿ ಕಸ್ಟರನ ಅಶ್ವದಳ ತನ್ನ ಕೊನೆಯ ದಂಡಯಾತ್ರೆಗೆ ಆ ಮಾರ್ಗವಾಗಿಯೇ ನಡೆದಿತ್ತು. ಅದಕ್ಕಾಗಿ ಸೋದರರು ತಮ್ಮ ನೆಲೆಗೆ ‘ಕಸ್ಟರ್ ಟ್ರೇಲ್ ರ‍್ಯಾಂಚ್’ ಎಂದು ಹೆಸರಿಟ್ಟರು.

ಮೊದಲ ಹಣ

1880ರಲ್ಲಿ ನಾರ್ದರ್ನ್ ಪೆಸಿಫಿಕ್ ರೈಲುದಾರಿ ಲಿಟ್ಲ್ ಮಿಸೌರಿ ನದಿಯನ್ನು ಮುಟ್ಟಿತು. ರೈಲು ಬಂದ ಮೇಲೆ ನೆಂಟರು ಬಾರದಿರುವುದುಂಟೆ? ಹೋವರ್ಡ್ ಈಟನ್ ಊರಿನ ಗೆಳೆಯರಿಗೆ ಪತ್ರ ಬರೆಯುವುದರಲ್ಲಿ ಉತ್ಸಾಹಿ. ಬೇಟೆಯ ಸೊಗಸು, ಬಯಲಿನ ಗಾಳಿ, ಕುದುರೆ ಸವಾರಿ ಇವುಗಳ ವರ್ಣನೆಯನ್ನು ಓದಿದವರು ಒಬ್ಬೊಬ್ಬರಾಗಿ ರೈಲು ಹತ್ತಿದರು. ಬಂದವರು ದಿನಗಟ್ಟಲೆ, ವಾರಗಟ್ಟಲೆ ನಿಂತರು. ಮೈಲಿಗಳ ದೂರಕ್ಕೆ ಮತ್ತೊಂದು ಮನೆಯಿಲ್ಲದ ಸೀಮೆಯಲ್ಲಿ ಬಂದವರಿಗೆ ಊಟ ಹಾಸಿಗೆಗಳನ್ನು ಕೊಡುವುದು ಕುಲಾಚಾರವೇ ಆಗಿತ್ತು. ಇಂದು ಅವನ ಮನೆಗೆ ಬಂದ ಹಸಿದ ದಾರಿಗ ನಾಳೆ ತಾನೇ ಆಗಬಹುದು. ಹೀಗಿರುವಲ್ಲಿ ಬೆಲೆ ಕೇಳುವುದು ಹೇಗೆ? ಕೇಳದಿದ್ದರೆ ಉಗ್ರಾಣ ಉಳಿಯುವುದು ಹೇಗೆ?

ಕೊನೆಗೆ ಸಂಕೋಚವನ್ನು ಮುರಿದವನು ಗೃಹಸ್ಥನಲ್ಲ, ಅತಿಥಿ. 1882ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಬಫೆಲೋ ನಗರದಿಂದ ಬಂದಿದ್ದ ಬರ್ಟ್ ರಮ್ಸೆ ಎಂಬಾತ, ತಾನು ಇನ್ನೂ ಉಳಿಯಬೇಕೆಂದಿರುವುದರಿಂದ ತನ್ನ ವೆಚ್ಚವನ್ನು ತಾನೇ ಕೊಡುವುದಾಗಿ ಹೇಳಿದ. ರ‍್ಯಾಂಚಿನಲ್ಲಿ ಹಣ ತೆತ್ತು ತಂಗಿದ ಮೊದಲ ಅತಿಥಿಯೆಂದು ಅವನ ಹೆಸರು ಉಳಿದಿದೆ. ಅವನು ಕೊಟ್ಟ ಹಣ ದೊಡ್ಡದಲ್ಲದಿರಬಹುದು. ಆದರೆ ಅದರಿಂದ ಎರಡು ಕಡೆಯವರಿಗೂ ಬಿಡುಗಡೆಯಾಯಿತು. ಅತಿಥಿ ಇನ್ನು ಋಣದ ಭಾರವಿಲ್ಲದೆ ಉಳಿಯಬಹುದು. ಗೃಹಸ್ಥ ಕೊರಗಿಲ್ಲದೆ ನಗುಮುಖದಿಂದ ಬಡಿಸಬಹುದು.

ಇಂಥ ಅತಿಥಿಗಳಿಗೆ ದನಗಾಹಿಗಳು ಇಟ್ಟ ಹೆಸರು ‘ಡ್ಯೂಡ್’. ನಮ್ಮ ಮಾತಿನಲ್ಲಿ ಷೋಕಿಲಾಲ ಎಂದರೆ ಹೆಚ್ಚು ಕಡಿಮೆ ಅದೇ. ಇಸ್ತ್ರಿ ಮಾಡಿದ ಉಡುಪು, ಹೊಳೆಯುವ ಪಾದರಕ್ಷೆ, ಕುದುರೆಯ ಎಡಬಲ ತಿಳಿಯದ ಉತ್ಸಾಹ ಇವೆಲ್ಲವನ್ನೂ ಆ ಒಂದು ಮಾತು ಅಣಕಿಸುತ್ತಿತ್ತು. ವರ್ಷಗಳು ಕಳೆದಂತೆ ಅಣಕವೇ ಬಿರುದಾಗಿ, ಅತಿಥಿಗಳನ್ನು ಇರಿಸಿಕೊಳ್ಳುವ ಮನೆಗಳಿಗೆ ‘ಡ್ಯೂಡ್ ರ‍್ಯಾಂಚು’ ಎಂಬ ಹೆಸರೇ ನಿಂತಿತು. ಅತಿಥಿಗಳು ಕೋಪಿಸಿಕೊಳ್ಳಲಿಲ್ಲ. ನಕ್ಕವರ ಜೊತೆಗೆ ತಾವೂ ನಕ್ಕು, ಮರುವರ್ಷ ಮತ್ತೆ ಬಂದರು.

ಹಾಗೆ ಪೂರ್ವದ ನಗರಗಳಿಂದ ಬಂದು ಆ ನೆಲಕ್ಕೆ ಮನಸೋತವರಲ್ಲಿ ಒಬ್ಬ ಮುಂದೆ ರಾಷ್ಟ್ರದ ಅಧ್ಯಕ್ಷನಾದ. ಥಿಯೋಡೋರ್ ರೂಸ್‌ವೆಲ್ಟ್ 1883ರ ಸೆಪ್ಟೆಂಬರಿನಲ್ಲಿ ಕಾಡೆಮ್ಮೆಯ ಬೇಟೆಗೆಂದು ಅಲ್ಲಿಗೆ ಬಂದು, ಹಿಂದಿರುಗುವ ಮೊದಲೇ ದನದ ವ್ಯಾಪಾರಕ್ಕೆ ಬಂಡವಾಳ ಹೂಡಿದ. ಮರುವರ್ಷ ಫೆಬ್ರವರಿ 14ರಂದು, ಒಂದೇ ದಿನ, ಒಂದೇ ಮನೆಯಲ್ಲಿ ಅವನ ತಾಯಿಯೂ ಹೆಂಡತಿಯೂ ತೀರಿಕೊಂಡರು. ಆ ಶೋಕವನ್ನು ಹೊತ್ತುಕೊಂಡು ಅವನು ಮತ್ತೆ ಹೋದದ್ದು ಆ ಕೆಟ್ಟ ನೆಲಕ್ಕೇ. ಕನ್ನಡಕ ಧರಿಸಿದ ಈ ನಗರದ ಯುವಕನನ್ನು ದನಗಾಹಿಗಳು ಮೊದಲು ಹಾಸ್ಯ ಮಾಡಿದರು. ದಿನವಿಡೀ ಜೀನಿನ ಮೇಲೆ ಕುಳಿತು ದನಗಳನ್ನು ಕೂಡಿಸುವುದರಲ್ಲಿ ಅವನು ಹಿಂದೆ ಬೀಳದಿದ್ದುದನ್ನು ಕಂಡು ಗೌರವಿಸಿದರು. ಡಕೋಟಾದಲ್ಲಿ ಕಳೆದ ಆ ದಿನಗಳಿಲ್ಲದಿದ್ದರೆ ತಾನು ಅಧ್ಯಕ್ಷನಾಗುತ್ತಿರಲಿಲ್ಲವೆಂದು ಅವನು ಮುಂದೆ ಹೇಳಿಕೊಂಡುದುಂಟು. ಕುದುರೆಯ ಬೆನ್ನು ದುಃಖಕ್ಕೆ ಔಷಧವೆಂದು ಯಾವ ವೈದ್ಯಗ್ರಂಥವೂ ಸಾರದಿರಬಹುದು; ಅವನ ಮಟ್ಟಿಗೆ ಅದು ಔಷಧವಾಯಿತು.

ಮರೆಯಲಾಗದ ಚಳಿಗಾಲ

ದನದ ವ್ಯಾಪಾರವೆಂದರೆ ಆಗ ಹೊನ್ನಿನ ಗಣಿಯೆಂಬ ಭ್ರಮೆ. ಹುಲ್ಲು ಪುಕ್ಕಟೆ, ನೆಲ ಅಪಾರ, ರೈಲು ಸಮೀಪ. ಎಲ್ಲರೂ ದನಗಳನ್ನು ತಂದು ತುಂಬಿದರು. ಬಯಲು ತಾಳಬಲ್ಲುದಕ್ಕಿಂತ ಹೆಚ್ಚು ಬಾಯಿಗಳು ಅದನ್ನು ಮೇದವು. 1886ರ ಬೇಸಗೆಯಲ್ಲಿ ಮಳೆ ಕೈಕೊಟ್ಟಿತು. ಹುಲ್ಲು ಬುಡದವರೆಗೆ ಸವೆಯಿತು. ಅದರ ಬೆನ್ನಿಗೇ ಹಿಮ ಬಂತು. ಬಿದ್ದ ಹಿಮ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿ ನೆಲದ ಮೇಲೆ ಗಾಜಿನ ಹೊದಿಕೆಯಂತಾಯಿತು. ಕುದುರೆಯಾದರೋ ಗೊರಸಿನಿಂದ ಹಿಮವನ್ನು ಕೆರೆದು ಹುಲ್ಲನ್ನು ಹುಡುಕಬಲ್ಲದು. ದನಕ್ಕೆ ಆ ವಿದ್ಯೆ ತಿಳಿಯದು. ಗಾಳಿಗೆ ಬೆನ್ನು ತಿರುಗಿಸಿ ನಡೆದ ಹಿಂಡುಗಳು ಕೊರಕಲುಗಳಲ್ಲಿ ಸಿಲುಕಿ ನಿಂತಲ್ಲೇ ಸತ್ತವು. 1887ರ ವಸಂತದಲ್ಲಿ ನದಿಯ ಮಂಜು ಒಡೆದಾಗ ಪ್ರವಾಹದಲ್ಲಿ ತೇಲಿಬಂದುದು ದನಗಳ ಹೆಣ. ರೂಸ್‌ವೆಲ್ಟನ ಹಿಂಡಿನಲ್ಲಿ ಅರ್ಧಕ್ಕಿಂತ ಹೆಚ್ಚು ನಷ್ಟವಾಯಿತು. ದೊಡ್ಡ ದೊಡ್ಡ ಕಂಪನಿಗಳು ಬಾಗಿಲು ಹಾಕಿದವು.

ರಮ್ಸೆ ಕೊಟ್ಟ ಹಣದ ಅರ್ಥ ತಿಳಿಯಬೇಕಾದರೆ ಈ ಚಳಿಗಾಲವನ್ನು ನೆನೆಯಬೇಕು. ದನ ಸಾಯಬಹುದು, ಮಾಂಸದ ಬೆಲೆ ಇಳಿಯಬಹುದು, ಮಳೆ ತಪ್ಪಬಹುದು. ಆದರೆ ಬಯಲನ್ನು ನೋಡಬೇಕೆಂಬ ನಗರದವನ ಹಂಬಲಕ್ಕೆ ಹಿಮಪಾತದಿಂದ ಹಾನಿಯಿಲ್ಲ. ಹಾಗೆಂದು ದನವನ್ನು ಬಿಟ್ಟುಬಿಡುವಂತೆಯೂ ಇರಲಿಲ್ಲ. ದನವಿಲ್ಲದ ರ‍್ಯಾಂಚನ್ನು ನೋಡಲು ಬರುವವರಾದರೂ ಯಾರು? ಒಂದು ಕೈಯಲ್ಲಿ ದನ, ಒಂದು ಕೈಯಲ್ಲಿ ಅತಿಥಿ. ಒಂದು ಸೋತಾಗ ಇನ್ನೊಂದು ಹಿಡಿದು ನಿಲ್ಲಿಸಬೇಕು. ಪಶ್ಚಿಮದ ಅನೇಕ ಮನೆತನಗಳು ಮುಂದೆ ಬಾಳಿದ್ದು ಈ ಲೆಕ್ಕದಲ್ಲಿ.

1904ರಲ್ಲಿ ಈಟನ್ ಸೋದರರು ಡಕೋಟಾವನ್ನು ಬಿಟ್ಟು ವೊಯೋಮಿಂಗ್ ಸಂಸ್ಥಾನಕ್ಕೆ ಬಂದರು. ಶೆರಿಡನ್ ಪಟ್ಟಣಕ್ಕೆ ಪಶ್ಚಿಮದಲ್ಲಿ, ಸುಮಾರು 18 ಮೈಲಿ ದೂರದಲ್ಲಿ, ವುಲ್ಫ್ ಕ್ರೀಕ್ ಎಂಬ ಹೊಳೆ ಬಿಗ್‌ಹಾರ್ನ್ ಪರ್ವತದಿಂದ ಕೆಳಕ್ಕೆ ಇಳಿಯುವ ಬಾಯಿಯಲ್ಲಿ ಅವರು ಹೊಸ ನೆಲೆಯನ್ನು ಆರಿಸಿಕೊಂಡರು. ಪೂರ್ವಕ್ಕೆ ಅಲೆಯಲೆಯಾದ ಹುಲ್ಲಿನ ದಿಣ್ಣೆಗಳು; ಪಶ್ಚಿಮಕ್ಕೆ ಗೋಡೆಯಂತೆ ಎದ್ದ ಬೆಟ್ಟ, ಅದರ ಶಿಖರ 13,000 ಅಡಿಗೂ ಮಿಗಿಲು. ಸುಮಾರು 7,000 ಎಕರೆಗಳ ಆ ರ‍್ಯಾಂಚನ್ನು ಅದೇ ಮನೆತನದವರು ತಲೆಮಾರುಗಳ ಕಾಲ ನಡೆಸಿಕೊಂಡು ಬಂದರು. ಅತಿಥಿಗಳನ್ನು ಇರಿಸಿಕೊಳ್ಳುವ ರ‍್ಯಾಂಚುಗಳಲ್ಲೆಲ್ಲ ಇದೇ ಹಿರಿಯದೆಂಬ ಮನ್ನಣೆಯಿದೆ.

ಜೀನಿನ ಮೇಲೆ

ಇಂಥ ರ‍್ಯಾಂಚಿನಲ್ಲಿ ಬೆಳಗು ಅತಿಥಿ ಏಳುವ ಮೊದಲೇ ಆಗಿಹೋಗಿರುತ್ತದೆ. ರಾತ್ರಿಯೆಲ್ಲ ಹುಲ್ಲುಗಾವಲಿನಲ್ಲಿ ಸ್ವೇಚ್ಛೆಯಾಗಿ ಮೇದ ಕುದುರೆಗಳನ್ನು ಕುದುರೆಗಾಹಿಗಳು ಮಬ್ಬುಗತ್ತಲಲ್ಲೇ ಹುಡುಕಿ ಹೊರಡುತ್ತಾರೆ. ಸ್ವಲ್ಪ ಹೊತ್ತಿಗೆ ದಿಣ್ಣೆಯಾಚೆ ಧೂಳೇಳುತ್ತದೆ, ಗೊರಸಿನ ಸದ್ದು ಕೇಳುತ್ತದೆ; ಕಪ್ಪು, ಕಂದು, ಬಿಳಿ, ಚುಕ್ಕೆಯ ಕುದುರೆಗಳ ಹಿಂಡು ಇಳಿಜಾರಿನಲ್ಲಿ ಧುಮುಕಿ ಬಂದು ದೊಡ್ಡಿಯನ್ನು ಸೇರುತ್ತದೆ. ಕಿಟಕಿಯಿಂದ ಈ ದೃಶ್ಯವನ್ನು ಒಮ್ಮೆ ಕಂಡವನು ಮರುದಿನದಿಂದ ತಾನಾಗಿಯೇ ಬೇಗ ಏಳುತ್ತಾನೆ.

ಯಾರಿಗೆ ಯಾವ ಕುದುರೆ ಎಂಬುದನ್ನು ಗೊತ್ತುಮಾಡುವುದು ರ‍್ಯಾಂಚಿನ ಅತ್ಯಂತ ಸೂಕ್ಷ್ಮವಾದ ಕೆಲಸ. ಕುದುರೆಗಾಹಿ ಅತಿಥಿಯನ್ನು ಹೆಚ್ಚು ಪ್ರಶ್ನಿಸುವುದಿಲ್ಲ. ಬಾಯಿಯ ಮಾತಿಗಿಂತ ಅವನ ನಡಿಗೆಯನ್ನೂ, ಕುದುರೆಯ ಬಳಿ ನಿಲ್ಲುವ ಬಗೆಯನ್ನೂ ನೋಡಿ ತೀರ್ಮಾನಿಸುತ್ತಾನೆ. ತೂಕವನ್ನೂ ಗಮನಿಸುತ್ತಾನೆ, ಸವಾರ, ಜೀನು ಎರಡೂ ಸೇರಿ ಕುದುರೆಯ ತೂಕದ ಐದರಲ್ಲೊಂದು ಪಾಲನ್ನು ಮೀರಬಾರದೆಂಬುದು ಸಾಮಾನ್ಯ ನಿಯಮ. ಹಾಗೆ ಗೊತ್ತಾದ ಕುದುರೆ ಅತಿಥಿ ಇರುವಷ್ಟು ದಿನವೂ ಅವನದೇ. ಮೂರನೆಯ ದಿನಕ್ಕೆ ಅದರ ಕಿವಿಯ ಭಾಷೆ ಅವನಿಗೆ ತಿಳಿಯತೊಡಗುತ್ತದೆ: ಮುಂದಕ್ಕೆ ನಿಮಿರಿದರೆ ಕುತೂಹಲ, ಹಿಂದಕ್ಕೆ ಒತ್ತಿದರೆ ಕೋಪ, ಒಂದು ಕಿವಿ ಮಾತ್ರ ಹಿಂದೆ ತಿರುಗಿದರೆ ಸವಾರನ ಮಾತಿಗೆ ಗಮನ.

ಪಶ್ಚಿಮದ ಜೀನು ನಮ್ಮ ಸೈನಿಕರ ಅಥವಾ ಪೋಲೋ ಆಟಗಾರರ ಜೀನಿನಂತಲ್ಲ. ಅಗಲವಾಗಿ, ಆಳವಾಗಿ, ಕುರ್ಚಿಯಂತೆ ಒರಗನ್ನು ಕೊಡುವಂಥದು. ಮುಂಭಾಗದಲ್ಲಿ ಒಂದು ಗಟ್ಟಿಯಾದ ಕೊಂಬು. ಹೊಸಬ ಅದನ್ನು ಬೀಳದಂತೆ ಹಿಡಿದುಕೊಳ್ಳುವುದಕ್ಕೆಂದು ಭಾವಿಸುತ್ತಾನೆ. ನಿಜವಾಗಿ ಅದು ದನವನ್ನು ಕುಣಿಕೆಹಗ್ಗದಿಂದ ಹಿಡಿದಾಗ ಹಗ್ಗದ ತುದಿಯನ್ನು ಸುತ್ತುವ ಗೂಟ. ಲಗಾಮನ್ನು ಒಂದೇ ಕೈಯಲ್ಲಿ ಹಿಡಿಯುವುದಕ್ಕೂ ಇದೇ ಕಾರಣ. ಇನ್ನೊಂದು ಕೈ ಹಗ್ಗಕ್ಕೆ ಬೇಕು. ಲಗಾಮು ಕತ್ತಿನ ಒಂದು ಪಕ್ಕಕ್ಕೆ ಮೆಲ್ಲನೆ ತಾಗಿದರೆ ಸಾಕು, ಕುದುರೆ ಇನ್ನೊಂದು ಪಕ್ಕಕ್ಕೆ ತಿರುಗುತ್ತದೆ. ಈ ಜೀನು, ಈ ಸವಾರಿ, ಈ ಹಗ್ಗ ಎಲ್ಲವೂ ಸ್ಪೇನಿನವರು ಮೆಕ್ಸಿಕೋದಲ್ಲಿ ಬೆಳೆಸಿದ ದನಗಾಹಿ ವಿದ್ಯೆಯಿಂದ ಬಂದವು. ಕುದುರೆಯೂ ಹಾಗೆಯೇ. ಉತ್ತರ ಅಮೆರಿಕದಲ್ಲೇ ವಿಕಾಸಗೊಂಡ ಈ ಪ್ರಾಣಿ ಅಲ್ಲಿ ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಅಳಿದುಹೋಗಿತ್ತು. 1519ರಲ್ಲಿ ಮೆಕ್ಸಿಕೋದ ದಡದಲ್ಲಿ ಕೋರ್ಟೆಸ್ ಇಳಿಸಿದ ಹದಿನಾರು ಕುದುರೆಗಳು, ಒಂದು ಅರ್ಥದಲ್ಲಿ, ತವರಿಗೆ ಹಿಂದಿರುಗಿದವು.

ಮೊದಲ ದಿನ ನಡಿಗೆ ಮಾತ್ರ. ಎರಡನೆಯ ದಿನ ಕುಕ್ಕುಲೋಟ. ಅದರ ಲಯ ತಿಳಿಯುವವರೆಗೆ ಹೊಸಬನ ಎಲುಬುಗಳಲ್ಲಿ ಒಂದೊಂದೂ ತನ್ನ ಇರವನ್ನು ಸಾರುತ್ತದೆ. ರಾತ್ರಿ ಊಟದ ಮನೆಗೆ ಅವನು ಬರುವ ನಡಿಗೆಯನ್ನು ನೋಡಿ ಹಳಬರು ನಗುವುದನ್ನು ತಡೆದುಕೊಳ್ಳುತ್ತಾರೆ. ವಾರ ಕಳೆಯುವ ಹೊತ್ತಿಗೆ ಬಯಲಿನಲ್ಲಿ ಕುದುರೆ ಹಗುರವಾಗಿ ನೆಗೆದೋಡುವಾಗ ಸೊಂಟ ತಾನಾಗಿಯೇ ಅದರೊಡನೆ ತೂಗುತ್ತದೆ. ಈಟನ್ನರ ರ‍್ಯಾಂಚಿನ ಒಂದು ವಿಶೇಷವೆಂದರೆ, ಕುದುರೆಗಾಹಿಯ ಕಣ್ಣಿಗೆ ಸಮರ್ಥನೆಂದು ಕಂಡ ಸವಾರನನ್ನು ಕಾವಲಿಲ್ಲದೆ ತನ್ನಷ್ಟಕ್ಕೆ ಹೊರಡಲು ಬಿಡುವುದು. ಹೆಚ್ಚಿನ ರ‍್ಯಾಂಚುಗಳಲ್ಲಿ ಈ ಸ್ವಾತಂತ್ರ್ಯವಿಲ್ಲ. ದಿಣ್ಣೆಯಾಚೆ ಒಬ್ಬನೇ ಹೋಗಿ, ದಾರಿ ತಪ್ಪಿ, ಕೊನೆಗೆ ಲಗಾಮನ್ನು ಸಡಿಲಿಸಿ ಕುದುರೆಗೇ ಬಿಟ್ಟರೆ, ಅದು ನೆಟ್ಟಗೆ ದೊಡ್ಡಿಗೆ ತಂದು ನಿಲ್ಲಿಸುತ್ತದೆ. ನಗರದಲ್ಲಿ ನೂರು ಜನಕ್ಕೆ ಅಪ್ಪಣೆ ಕೊಡುವ ಅಧಿಕಾರಿಗೆ ಇದೊಂದು ಒಳ್ಳೆಯ ಪಾಠ.

ರ‍್ಯಾಂಚಿನ ಕೆಲಸ ಅತಿಥಿಗಾಗಿ ನಿಲ್ಲುವುದಿಲ್ಲ. ವಸಂತದಲ್ಲಿ ಕರುಗಳಿಗೆ ಬರೆಯ ಗುರುತು. ಬೇಸಗೆಯಲ್ಲಿ ದನಗಳನ್ನು ಬೆಟ್ಟದ ಮೇಲಣ ಹುಲ್ಲಿಗೆ ಅಟ್ಟುವುದು. ಕೆಳಗೆ ಹೊಳೆಯ ನೀರು ಹಾಯಿಸಿದ ಗದ್ದೆಗಳಲ್ಲಿ ಹುಲ್ಲು ಕೊಯ್ದು ಚಳಿಗಾಲಕ್ಕೆ ಕೂಡಿಡುವುದು. ಶರತ್ಕಾಲದಲ್ಲಿ ಹಿಂಡನ್ನು ಇಳಿಸಿ ತಂದು ಕರುಗಳನ್ನು ಮಾರುವುದು. ವರ್ಷಕ್ಕೆ 15 ಅಂಗುಲದ ಆಸುಪಾಸು ಮಳೆ ಬೀಳುವ ಸೀಮೆ ಅದು. ಒಂದು ಹಸುವಿಗೆ ಹತ್ತಾರು ಎಕರೆ ಬೇಕು. ಬೇಲಿ ಮುರಿದರೆ ಅಂದೇ ಕಟ್ಟಬೇಕು. ಇಷ್ಟವುಳ್ಳ ಅತಿಥಿ ದನ ಅಟ್ಟುವುದಕ್ಕೆ ಜೊತೆಗೂಡಬಹುದು. ಅವನು ಮಾಡಿದ ಸಹಾಯಕ್ಕಿಂತ ಅವನಿಂದಾದ ತೊಡಕೇ ಹೆಚ್ಚೆಂದು ದನಗಾಹಿಗಳು ತಮ್ಮತಮ್ಮಲ್ಲೇ ಹೇಳಿಕೊಳ್ಳುವುದುಂಟು. ಆದರೂ ದಿನವಿಡೀ ಧೂಳು ಕುಡಿದು ಹಿಂಡನ್ನು ಗುರಿ ಮುಟ್ಟಿಸಿದ ಸಂಜೆ, ಆ ನಗರವಾಸಿಯ ಮುಖದಲ್ಲಿ ಕಾಣುವ ತೃಪ್ತಿ ಹಣಕ್ಕೆ ಸಿಕ್ಕದ್ದು.

ಹೆಂಗಸರು, ಯುದ್ಧ, ರೈಲು

ಈ ರಜೆಗಳಿಂದ ಎಲ್ಲರಿಗಿಂತ ಹೆಚ್ಚಿನ ಲಾಭ ಪಡೆದವರು ಬಹುಶಃ ಹೆಂಗಸರು. ಪೂರ್ವದ ಸಭ್ಯ ನಗರಗಳಲ್ಲಿ ಕುಲೀನ ಮಹಿಳೆ ಕುದುರೆಯ ಮೇಲೆ ಎರಡು ಕಾಲನ್ನೂ ಒಂದೇ ಪಕ್ಕಕ್ಕೆ ಇಟ್ಟು ಕೂರಬೇಕಾಗಿದ್ದ ಕಾಲದಲ್ಲಿ, ಇಲ್ಲಿ ಅವಳು ಸೀಳು ಲಂಗವನ್ನು ತೊಟ್ಟು ಗಂಡಸರಂತೆಯೇ ಸವಾರಿ ಮಾಡಿದಳು. ಹೋವರ್ಡ್ ಈಟನ್ ಯೆಲ್ಲೋಸ್ಟೋನ್ ಮತ್ತು ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನಗಳಲ್ಲಿ ಗುಡಾರಗಳೊಡನೆ ನಡೆಸುತ್ತಿದ್ದ ದೀರ್ಘ ಕುದುರೆಯಾತ್ರೆಗಳಲ್ಲಿ ಹೆಂಗಸರು ಧಾರಾಳವಾಗಿ ಸೇರುತ್ತಿದ್ದರು. 1915ರಲ್ಲಿ ಗ್ಲೇಸಿಯರ್ ಉದ್ಯಾನದ ಕಣಿವೆದಾರಿಗಳಲ್ಲಿ ಅವನೊಡನೆ ಸುಮಾರು 300 ಮೈಲಿ ಸವಾರಿ ಮಾಡಿದ ಕಾದಂಬರಿಕಾರ್ತಿ ಮೇರಿ ರಾಬರ್ಟ್ಸ್ ರೈನ್‌ಹಾರ್ಟ್, ಮರುವರ್ಷ ಅದನ್ನು ಪುಸ್ತಕವಾಗಿ ಬರೆದು ನಾಡಿಗೆಲ್ಲ ತಿಳಿಸಿದಳು.

ಕಾಲವೂ ಅನುಕೂಲವಾಗಿ ಒದಗಿತು. 1914ರಲ್ಲಿ ಮಹಾಯುದ್ಧ ಆರಂಭವಾಗಿ ಯೂರೋಪಿನ ಪ್ರವಾಸ ಮುಚ್ಚಿಹೋಯಿತು. ಹಣವಂತ ಅಮೆರಿಕನ್ನರು ಪೂರ್ವದ ಸಮುದ್ರವನ್ನು ಬಿಟ್ಟು ಪಶ್ಚಿಮದ ಬೆಟ್ಟವನ್ನು ನೋಡಿದರು. 1926ರಲ್ಲಿ ಮೊಂಟಾನಾದ ಬಿಲ್ಲಿಂಗ್ಸ್ ನಗರದಲ್ಲಿ ಇಂಥ ರ‍್ಯಾಂಚುಗಳವರು ಸೇರಿ ತಮ್ಮದೇ ಸಂಘವನ್ನು ಕಟ್ಟಿದರು. ಪ್ರಯಾಣಿಕರು ಹೆಚ್ಚಿದರೆ ತನಗೂ ಲಾಭವೆಂದು ರೈಲು ಕಂಪನಿ ಬೆಂಬಲ ಕೊಟ್ಟಿತು. ಹೋವರ್ಡ್ ಅದನ್ನು ನೋಡಲು ಉಳಿಯಲಿಲ್ಲ. ಅವನು 1922ರಲ್ಲಿ ತೀರಿಕೊಂಡಿದ್ದ. 1923ರಲ್ಲಿ ಯೆಲ್ಲೋಸ್ಟೋನ್ ಉದ್ಯಾನದ ಒಂದು ಕುದುರೆದಾರಿಗೆ ಅವನ ಹೆಸರನ್ನಿಟ್ಟರು. ಅದೇ ಉದ್ಯಾನದೊಳಕ್ಕೆ 1915ರಿಂದ ಮೋಟಾರುಗಳು ನುಗ್ಗಿದ್ದವು ಎಂಬುದನ್ನು ನೆನೆದರೆ ಆ ಗೌರವದ ಸ್ವಾರಸ್ಯ ತಿಳಿದೀತು.

ನೆಲದ ನೆನಪು

ಈ ಕಥೆಗೆ ನೆರಳೂ ಇದೆ. ಈಟನ್ನರು ಬಂದ ನೆಲ ಬರಿದಾಗಿ ಬಿದ್ದಿರಲಿಲ್ಲ. ಬಿಗ್‌ಹಾರ್ನ್ ಸೀಮೆ ಕ್ರೋ ಜನಾಂಗದ್ದೆಂದು 1851ರ ಫೋರ್ಟ್ ಲ್ಯಾರಮಿ ಒಪ್ಪಂದದಲ್ಲಿ ಅಮೆರಿಕ ಸರಕಾರವೇ ಬರೆದುಕೊಟ್ಟಿತ್ತು. ಲಕೋಟಾ ಮತ್ತು ಶೈಯನ್ ಜನರೂ ಅಲ್ಲಿ ಬೇಟೆಯಾಡಿದರು, ಹೋರಾಡಿದರು. ಸ್ಪೇನಿನವರ ಕುದುರೆ 1680ರ ಪ್ಯುಯೆಬ್ಲೋ ಬಂಡಾಯದ ತರುವಾಯ ಕೈಯಿಂದ ಕೈಗೆ ಹಬ್ಬಿ ಈ ಬಯಲಿಗೆ ಬಂದಾಗ, ಅದನ್ನು ಜೀನಿಲ್ಲದೆಯೂ ಏರಬಲ್ಲ ರಾವುತರಾದವರು ಇವರೇ. 1876ರ ಜೂನ್ 25ರಂದು ಲಿಟ್ಲ್ ಬಿಗ್‌ಹಾರ್ನ್ ನದಿಯ ಬಳಿ ಲಕೋಟಾ, ಶೈಯನ್, ಅರಪಹೋ ಯೋಧರು ಕಸ್ಟರನ ದಳವನ್ನು ನಿರ್ನಾಮ ಮಾಡಿದರು. ಗೆದ್ದವರೇ ಮುಂದಿನ ವರ್ಷಗಳಲ್ಲಿ ನೆಲ ಕಳೆದುಕೊಂಡರು. ಸೋತ ಸೇನಾನಿಯ ಹೆಸರು ರ‍್ಯಾಂಚಿನ ಬಾಗಿಲ ಮೇಲೆ ಉಳಿಯಿತು. ಶೆರಿಡನ್ನಿಗೆ ಉತ್ತರದಲ್ಲಿ, ಮೊಂಟಾನಾದ ಗಡಿಯಾಚೆ, ಕ್ರೋ ಜನರ ಮೀಸಲು ನೆಲ ಇಂದಿಗೂ ಇದೆ. ದಿಣ್ಣೆಯ ಮೇಲೆ ಕುದುರೆ ನಿಲ್ಲಿಸಿ ಉತ್ತರಕ್ಕೆ ನೋಡುವ ಅತಿಥಿ ಇದನ್ನು ಅರಿತಿದ್ದರೆ ಅವನ ರಜೆಗೆ ಕೊರತೆಯಾಗದು. ನೋಟಕ್ಕೆ ಆಳ ಬಂದೀತು.

ಇದೆಲ್ಲ ನಾಟಕವೆಂದು ಹಳಿಯುವವರೂ ಇದ್ದಾರೆ. ದುಡಿಮೆಯನ್ನು ವಿನೋದವಾಗಿಸಿ ಮಾರುವುದು ಸರಿಯೇ ಎಂಬ ಅವರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ದನವಿಲ್ಲದೆ ಬರಿಯ ಟೊಪ್ಪಿಗೆ, ಹಗ್ಗಗಳ ವೇಷದಿಂದ ನಡೆಯುವ ವಿಹಾರಧಾಮಗಳೂ ಉಂಟು. ಆದರೆ ಪಶ್ಚಿಮದ ಪರ್ವತಗಳ ಬುಡದಲ್ಲಿ ನೆಲದ ಬೆಲೆ ಏರಿದಂತೆ, ಹಳೆಯ ಹುಲ್ಲುಗಾವಲುಗಳು ತುಂಡುತುಂಡಾಗಿ ಧನಿಕರ ಬಂಗಲೆಗಳ ಅಂಗಳವಾಗುತ್ತಿರುವುದನ್ನೂ ನೋಡಬೇಕು. ಒಮ್ಮೆ ತುಂಡಾದ ಬಯಲನ್ನು ಮತ್ತೆ ಹೊಲಿಯುವ ಸೂಜಿಯಿಲ್ಲ. ದನದ ಆದಾಯವೊಂದೇ ಸಾಲದ ಕಡೆಯಲ್ಲಿ ಅತಿಥಿಯ ಹಣ ಸೇರಿಕೊಂಡುದರಿಂದ ಎಷ್ಟೋ ಸಾವಿರ ಎಕರೆ ಇಡಿಯಾಗಿ ಉಳಿದಿದೆ. ಅದರಲ್ಲಿ ಮೇಯುವ ಜಿಂಕೆಗೂ ಹರಿಯುವ ಹೊಳೆಗೂ ಇದು ಸಣ್ಣ ಉಪಕಾರವಲ್ಲ.

ಶರತ್ಕಾಲದಲ್ಲಿ ಕೊನೆಯ ಅತಿಥಿ ಹೊರಟ ಮೇಲೆ ಕುದುರೆಗಳ ಲಾಳ ಕಳಚಿ, ದೂರದ ಚಳಿಗಾಲದ ಹುಲ್ಲುಗಾವಲಿಗೆ ಬಿಡುತ್ತಾರೆ. ಮೈಮೇಲೆ ದಟ್ಟವಾದ ತುಪ್ಪಳ ಬೆಳೆದು, ಹಿಮ ಕೆರೆದು ಮೇಯುತ್ತ, ಯಾರನ್ನೂ ಹೊರದೆ ಅವು ತಿಂಗಳುಗಟ್ಟಲೆ ತಮ್ಮದೇ ರಜೆಯನ್ನು ಅನುಭವಿಸುತ್ತವೆ. ವಸಂತ ಬಂದಾಗ ಅವನ್ನು ಕೂಡಿಸಿ ಹಲವು ದಿನಗಳ ದಾರಿ ನಡೆಸಿಕೊಂಡು ರ‍್ಯಾಂಚಿಗೆ ತರುತ್ತಾರೆ. ಈಟನ್ನರ ಕುದುರೆಗಳ ಹಿಂಡು ಶೆರಿಡನ್ ಪಟ್ಟಣದ ಬೀದಿಯನ್ನು ಹಾದು ಹೋಗುವುದನ್ನು ನೋಡಲು ಜನ ಕಾದು ನಿಲ್ಲುವುದುಂಟು. ಮೋಟಾರುಗಳು ಬದಿಗೆ ಸರಿದು ದಾರಿ ಬಿಡುತ್ತವೆ.

ನೆಂಟನಿಂದ ಹಣ ತೆಗೆದುಕೊಂಡರೆ ಮನೆಯ ಮಾನ ಹೋಗುವುದೆಂದು ಮೂವರು ಸೋದರರು ಅಂಜಿದ್ದರು. ಅದನ್ನು ತೆಗೆದುಕೊಂಡುದರಿಂದ ಮನೆ ಉಳಿಯಿತು. ತಂದೆಯೊಡನೆ ಬಂದ ಮಕ್ಕಳು ತಮ್ಮ ಮಕ್ಕಳನ್ನು ಕರೆದುಕೊಂಡು ಬರುವಷ್ಟು ಕಾಲ ಉಳಿಯಿತು. ಹಾಗೆ ಮತ್ತೆ ಮತ್ತೆ ಬಂದವರನ್ನು ಗಿರಾಕಿಗಳೆಂದು ಕರೆಯುವುದೋ ನೆಂಟರೆಂದು ಕರೆಯುವುದೋ ಎಂಬುದನ್ನು ಓದುಗರೇ ತೀರ್ಮಾನಿಸಲಿ.